ಮಂಜನ ಮಾತ್ರೆ ನಿಲ್ಲಿಸಬೇಡ ಅಮ್ಮ

ಎಡಿನ್‌ಬರೊ
ಡಿಸೆಂಬರ್ 3, ರಾತ್ರಿ

ಅಮ್ಮನಿಗೆ ಪುಟ್ಟಿಯ ನಮಸ್ಕಾರ. ಇಲ್ಲಿ ನಾವಿಬ್ಬರೂ ಕ್ಷೇಮ. ಅಪ್ಪನ ಮಂಡಿನೋವು ಹೇಗಿದೆ? ನೀನು ಕಳಿಸಿದ ಹುರಿಹಿಟ್ಟು, ಚಟ್ನಿಪುಡಿ, ಕೊಬ್ಬರಿ ಮಿಠಾಯಿ ಎಲ್ಲ ಸರಿಯಾಗಿ ಬಂದು ಸೇರಿತು. ನಿನ್ನ ಅಳಿಯ ಚಟ್ನಿಪುಡಿಯನ್ನು ಬ್ರೆಡ್ಡಿಗೂ ಹಚ್ಚಿಕೊಂಡು ತಿನ್ನುತ್ತಿದ್ದಾರೆ.

ಡಬ್ಬಿಯ ಕೆಳಗೆ ಮಡಿಸಿ ಇಟ್ಟಿದ್ದ ಕಾಗದ ಓದಿದೆ. ಎರಡು ಸಲ ಓದಿದೆ. ಫೋನಿನಲ್ಲೇ ಮಾತಾಡೋಣ ಅಂದರೆ ನೀನು ಯಾವಾಗಲೂ ಸ್ಪೀಕರ್ ಹಾಕಿರುತ್ತೀಯ. ದೊಡ್ಡಪ್ಪ ಪಕ್ಕದಲ್ಲೇ ಕೂತಿರುತ್ತಾರೆ, ಮಂಜನೂ ಅಲ್ಲೇ ಓಡಾಡುತ್ತಿರುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಇದರ ಫೋಟೋ ತೆಗೆದು ಈಗಲೇ ಲತಕ್ಕನಿಗೆ ವಾಟ್ಸಾಪ್ ಮಾಡುತ್ತೇನೆ. ಅವಳು ಪ್ರಿಂಟ್ ತೆಗೆಸಿ ನಿನ್ನ ಕೈಗೇ ಕೊಡುತ್ತಾಳೆ. ಹಿತ್ತಲಿಗೆ ಹೋಗಿ ಒಬ್ಬಳೇ ಕೂತು ಓದು.

ನೀನು ತುಂಬ ಖುಷಿಯಿಂದ ಬರೆದಿದ್ದೀಯ. ಅರಸೀಕೆರೆಯವರು ಬಂದು ನೋಡಿಕೊಂಡು ಹೋದರು, ಹುಡುಗಿ ಬಿ.ಎಡ್. ಮಾಡಿದ್ದಾಳೆ, ಅವರು ಒಪ್ಪಿದ ಹಾಗೇ ಅಂತ. ಅವರ ಕಣ್ಣಿಗೆ ಬೀಳಬಾರದು ಅಂತ ದೀಪಾವಳಿ ಹೊತ್ತಿಗೇ ಮಂಜನ ಮಾತ್ರೆ ನಿಲ್ಲಿಸಿದ್ದೀರಿ. ಕೆಳಗೆ ಬರೆದಿದ್ದೀಯ: "ಮಾತ್ರೆ ಬಿಟ್ಟ ಮೇಲೆ ಮಗ ಎಷ್ಟು ಚುರುಕಾಗಿದ್ದಾನೆ ಗೊತ್ತಾ. ಹತ್ತು ಗಂಟೆವರೆಗೆ ಮಲಗುತ್ತಿದ್ದವನು ಈಗ ಮೂರಕ್ಕೆಲ್ಲ ಎದ್ದು ತೋಟಕ್ಕೆ ಹೋಗುತ್ತಾನೆ. ಕೊಬ್ಬರಿ ವ್ಯಾಪಾರ ಮಾಡ್ತೀನಿ, ಎರಡು ಗೋಡೌನ್ ಹಿಡೀತೀನಿ ಅಂತಾನೆ. ಬಾಯ್ತುಂಬ ಮಾತಾಡ್ತಾನೆ. ದೇವರು ಕಣ್ಣು ಬಿಟ್ಟ."

ಅಮ್ಮ, ಅದನ್ನು ಓದಿ ನನ್ನ ಕೈಕಾಲು ತಣ್ಣಗಾಯಿತು.

ನಾಲ್ಕು ವರ್ಷದ ಹಿಂದೆಯೂ ಹೀಗೇ ಅಲ್ವಾ ಶುರುವಾಗಿದ್ದು? ರಾತ್ರಿ ನಿದ್ದೆ ಇಲ್ಲ, ಹಗಲು ಆಯಾಸವೂ ಇಲ್ಲ. ಊರವರೆಲ್ಲ ಹುಡುಗ ಎಷ್ಟು ಚುರುಕು ಅಂದರು. ಹದಿನೈದೇ ದಿನ. ಅಪ್ಪನಿಗೆ ಹೇಳದೆ ಸಾಲ ಮಾಡಿ ಹಳೇ ಟೆಂಪೋ ತಂದ. ಬೇಡ ಅಂದಿದ್ದಕ್ಕೆ ಅಪ್ಪನ ಮೇಲೆ ಕೈ ಎತ್ತಿದ. ಆಮೇಲೆ ಬೆಂಗಳೂರು, ನಿಮ್ಹಾನ್ಸ್. ಅದಾದ ಮೇಲೆ ಆರು ತಿಂಗಳು ಗೋಡೆ ಕಡೆ ತಿರುಗಿ ಮಲಗಿದ. ಆ ಸಾಲ ಹೋದ ವರ್ಷವಷ್ಟೇ ತೀರಿತು. ಬೈಪೋಲಾರ್ ಅಂದರೆ ಎರಡು ಕಡೆ ತೂಗುವ ಕಾಯಿಲೆ, ಒಂದು ಕಡೆ ಕುಗ್ಗುವುದು, ಇನ್ನೊಂದು ಕಡೆ ಉಬ್ಬುವುದು ಅಂತ ಡಾಕ್ಟರು ಅಪ್ಪನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದ್ದರು. ಕುಗ್ಗಿದ್ದು ಎಲ್ಲರಿಗೂ ಕಾಣುತ್ತದೆ. ಉಬ್ಬಿದ್ದು ಮನೆಯವರ ಕಣ್ಣಿಗೆ ಹುಷಾರಾದ ಹಾಗೆ ಕಾಣುತ್ತದೆ. ನಿದ್ದೆ ಕಮ್ಮಿಯಾಗಿ ಹುರುಪು ಜಾಸ್ತಿ ಆದರೆ ಕಾಯಬೇಡಿ, ಕರೆದುಕೊಂಡು ಬನ್ನಿ ಅಂದಿದ್ದರು. ಅಪ್ಪನಿಗೆ ನೆನಪಿರಬೇಕು, ಕೇಳು.

ಈ ಮಾತ್ರೆ ಕಿಡ್ನಿ ತಿನ್ನುತ್ತೆ ಅಂತ ಯಾರೋ ಹೇಳಿದರು ಅಂದಿದ್ದೀಯ. ಅದು ಲಿಥಿಯಂ, ಒಂದು ತರದ ಲವಣ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನುವ ಡಾಕ್ಟರು ಈ ಕಾಯಿಲೆಗೆ ಇದು ಕೆಲಸ ಮಾಡುತ್ತೆ ಅಂತ ತೋರಿಸಿದರು. ಇವತ್ತಿಗೂ ಕೊಡುತ್ತಿದ್ದಾರೆ. ರಕ್ತದಲ್ಲಿ ಅದು ಜಾಸ್ತಿ ಆದರೆ ತೊಂದರೆ ಹೌದು. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿಸುವುದು, ಕಿಡ್ನಿ, ಥೈರಾಯ್ಡ್ ಎರಡನ್ನೂ ನೋಡುವುದು. ಪರೀಕ್ಷೆ ಮಾಡಿಸುತ್ತಾ ತೆಗೆದುಕೊಂಡರೆ ಹೆದರಬೇಕಾಗಿಲ್ಲ. ಒಮ್ಮೆಲೇ ಬಿಟ್ಟರೆ ಕಾಯಿಲೆ ತಿರುಗಿ ಬರುವ ಸಾಧ್ಯತೆ ಬಹಳ.

ಇದೆಲ್ಲ ಫಾರಿನ್‌ನವರ ಕಾಯಿಲೆ, ನಮ್ಮಲ್ಲಿ ಇರಲಿಲ್ಲ ಅಂತ ದೊಡ್ಡಪ್ಪ ಅನ್ನುತ್ತಾರಲ್ಲ. ಅವರಿಗೆ ಹೇಳು, ನಮ್ಮ ಬಳ್ಳಾರಿ ಜಿಲ್ಲೆಯ ಹಳ್ಳಿ ಆಸ್ಪತ್ರೆಗಳಲ್ಲಿ 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಮನಸ್ಸಿನ ಕಾಯಿಲೆಗೆ ಔಷಧಿ ಕೊಡಿಸಲು ಶುರು ಮಾಡಿದ್ದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಬೇರೆ ಜಿಲ್ಲೆಗಳಲ್ಲೂ ಶುರು ಮಾಡಿತು. ಕಾಯಿಲೆ ಮೊದಲೂ ಇತ್ತು. ನಮ್ಮೂರಲ್ಲಿ ಅದಕ್ಕೆ ಗಾಳಿ ಸೋಕಿದೆ ಅನ್ನುತ್ತಿದ್ದರು, ಅಷ್ಟೇ.

ಇನ್ನೊಂದು ವಿಷಯ. ಇದನ್ನು ಓದುವಾಗ ಗಾಬರಿ ಆಗಬೇಡ. ನಾನೂ ಮಾತ್ರೆ ತೆಗೆದುಕೊಳ್ಳುತ್ತೇನೆ ಅಮ್ಮ. ಎರಡು ವರ್ಷವಾಯಿತು.

ಮಂಜನ ತರದ್ದಲ್ಲ. ನನ್ನದು ಕುಗ್ಗುವುದು ಮಾತ್ರ, ಡಿಪ್ರೆಶನ್. ಇಲ್ಲಿಗೆ ಬಂದ ಎರಡನೇ ಚಳಿಗಾಲದಲ್ಲಿ ಶುರುವಾಯಿತು. ಡಿಸೆಂಬರ್‌ನಲ್ಲಿ ಇಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ. ಮಧ್ಯಾಹ್ನ ಮೂರು ಮುಕ್ಕಾಲಕ್ಕೆಲ್ಲ ಕತ್ತಲು. ಹಾಸಿಗೆಯಿಂದ ಕಾಲು ಕೆಳಗಿಡಲು ಆಗುತ್ತಿರಲಿಲ್ಲ. ನೀನು ಫೋನ್ ಮಾಡಿದಾಗ ಡ್ಯೂಟಿ ಜಾಸ್ತಿ ಅಂತ ಸುಳ್ಳು ಹೇಳುತ್ತಿದ್ದೆ. ತಲೆ ಬಾಚಿ ನಾಲ್ಕು ದಿನ ಆಗಿರುತ್ತಿತ್ತು. ನಿನ್ನ ಅಳಿಯ ಕೈ ಹಿಡಿದುಕೊಂಡು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಒಂದು ಮಾತೂ ಆಡಲಿಲ್ಲ, ಯಾರಿಗೂ ಹೇಳಲಿಲ್ಲ. ಅಂಥ ಅಳಿಯ ಸಿಕ್ಕಿದ್ದಾರೆ ನಿನಗೆ.

ಇಲ್ಲಿಯ ಜನ ಇದನ್ನು ಶುಗರ್, ಬಿಪಿ ಹೇಳಿದ ಹಾಗೆ ಹೇಳಿಕೊಳ್ಳುತ್ತಾರೆ. ನಮ್ಮ ಕೇರ್ ಹೋಮಿನ ಮೇಲ್ವಿಚಾರಕಿ ತಾನೂ ಹತ್ತು ವರ್ಷದಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ ಅಂತ ಟೀ ಕುಡಿಯುತ್ತಾ ಹೇಳಿದಳು. ನನಗೆ ಅಳು ಬಂತು. ಕಾಯಿಲೆ ಬಿದ್ದು ಕೆಲಸಕ್ಕೆ ರಜೆ ಹಾಕಿದರೆ ಏಳು ದಿನದವರೆಗೆ ಡಾಕ್ಟರ ಚೀಟಿ ಕೇಳುವುದಿಲ್ಲ, ನಾವೇ ಬರೆದುಕೊಟ್ಟರೆ ಸಾಕು. ಸ್ಕಾಟ್ಲೆಂಡಿನಲ್ಲಿ 2011ರಿಂದ ಡಾಕ್ಟರು ಬರೆದುಕೊಟ್ಟ ಮಾತ್ರೆಗೆ ಕಾಸು ಕೊಡಬೇಕಾಗಿಲ್ಲ. ಹಾಗಾಗಿ ದುಡ್ಡಿನ ಯೋಚನೆಯೂ ಮಾಡಬೇಡ.

ಮಂಜ ಮಲಗಿಕೊಂಡಿದ್ದಾಗ ನೀನು ದಿನಾ ಬೆಳಿಗ್ಗೆ "ಮನಸ್ಸು ಮಾಡಬೇಕು ಕಣೋ, ಮನಸ್ಸು ಮಾಡಿದರೆ ಏನು ತಾನೇ ಆಗಲ್ಲ" ಅನ್ನುತ್ತಿದ್ದೆ. ಪ್ರೀತಿಯಿಂದಲೇ ಅನ್ನುತ್ತಿದ್ದೆ, ಗೊತ್ತು. ಆದರೆ ಕಾಯಿಲೆ ಬಂದಿರುವುದೇ ಮನಸ್ಸಿಗೆ ಅಲ್ವಾ? ಬೋರು ಬತ್ತಿರುವಾಗ ಮೋಟರ್ ಹಾಕು, ಮೋಟರ್ ಹಾಕು ಅಂದ ಹಾಗೆ ಅದು. ನೀರು ಬರುವುದಿಲ್ಲ, ಮೋಟರ್ ಸುಡುತ್ತದೆ. ನನಗೆ ಬರುವವರೆಗೂ ಇದು ಅರ್ಥ ಆಗಿರಲಿಲ್ಲ. ನಾನೂ ಅವನಿಗೆ ಫೋನಿನಲ್ಲಿ ಸೋಮಾರಿ ಅಂದಿದ್ದೆ. ಅದು ಇವತ್ತಿಗೂ ನನ್ನನ್ನು ಕೊರೆಯುತ್ತದೆ.

ಹಾಗಾದರೆ ದಿನ ಹೇಗೆ ತಳ್ಳುತ್ತೀಯ ಅಂತ ಕೇಳುತ್ತೀಯ. ಇಲ್ಲಿ ಒಬ್ಬರು ಕೌನ್ಸೆಲರ್ ಹೇಳಿಕೊಟ್ಟರು, ಮನಸ್ಸು ಬರಲಿ ಅಂತ ಕಾಯಬೇಡ, ಮೊದಲು ಕೈಗೆ ಕೆಲಸ ಕೊಡು, ಮನಸ್ಸು ಹಿಂದೆ ಬರುತ್ತೆ ಅಂತ. ಕೆಲಸ ಎಷ್ಟು ಚಿಕ್ಕದು ಅಂದರೆ ಕೇಳಿದವರಿಗೆ ಅದು ಕೆಲಸ ಅಂತಲೇ ಅನ್ನಿಸಬಾರದು. ನನ್ನ ಮೊದಲ ಕೆಲಸ ಪರದೆ ಸರಿಸುವುದು. ಎರಡನೆಯದು ಒಲೆ ಮೇಲೆ ನೀರಿಡುವುದು. ಕಾಫಿ ಮಾಡಲೇಬೇಕು ಅಂತಿಲ್ಲ, ನೀರಿಟ್ಟರೆ ಸಾಕು. ನೀರು ಕುದಿಯುವಾಗ ಹೇಗೂ ಡಿಕಾಕ್ಷನ್ ನೆನಪಾಗುತ್ತದೆ.

ಇಲ್ಲಿಯ ಕೋಟೆಯಿಂದ ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ತೋಪು ಹಾರಿಸುತ್ತಾರೆ. 1861ರಿಂದ ನಡೆದುಕೊಂಡು ಬಂದಿದೆಯಂತೆ, ಬಂದರಿನ ಹಡಗುಗಳವರು ಗಡಿಯಾರ ಸರಿ ಮಾಡಿಕೊಳ್ಳಲಿ ಅಂತ. ಮೊದಲ ದಿನ ನಾನು ಬೀದಿಯಲ್ಲಿ ಬೆಚ್ಚಿಬಿದ್ದೆ. ಪಕ್ಕದಲ್ಲಿದ್ದವರೆಲ್ಲ ಸುಮ್ನೆ ಕೈಗಡಿಯಾರ ನೋಡಿಕೊಂಡರು. ನಮ್ಮ ದಸರಾ ಕುಶಾಲತೋಪು ವರ್ಷಕ್ಕೊಮ್ಮೆ, ಇವರದ್ದು ದಿನಾ! ಈಗ ಅದೇ ನನ್ನ ಗಡುವು. ತೋಪು ಕೇಳುವುದರೊಳಗೆ ಸ್ನಾನ ಆಗಿರಬೇಕು, ಹೊಟ್ಟೆಗೆ ಏನಾದರೂ ಬಿದ್ದಿರಬೇಕು, ಲೀತ್ ಹೊಳೆಯ ದಡದಲ್ಲಿ ಸ್ವಲ್ಪ ದೂರವಾದರೂ ನಡೆದು ಬಂದಿರಬೇಕು. ಎರಡಕ್ಕೆ ಡ್ಯೂಟಿ. ಕೆಟ್ಟ ದಿನಗಳಲ್ಲಿ ಮೂರರಲ್ಲಿ ಒಂದೇ ಆಗುತ್ತದೆ, ಮೊಸರನ್ನ ಮಾತ್ರ. ಆ ಒಂದನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ಉಳಿದ ಎರಡಕ್ಕೆ ನನ್ನನ್ನು ನಾನು ಬೈದುಕೊಳ್ಳುವುದಿಲ್ಲ. ಇದನ್ನು ಕಲಿಯಲು ಒಂದು ವರ್ಷ ಹಿಡಿಯಿತು.

ಚಳಿಗಾಲದಲ್ಲಿ ಬೆಳಿಗ್ಗೆ ಅರ್ಧ ಗಂಟೆ ಒಂದು ದೀಪದ ಮುಂದೆ ಕೂರುತ್ತೇನೆ. 10,000 ಲಕ್ಸ್ ಬೆಳಕು (ಲಕ್ಸ್ ಅಂದರೆ ಬೆಳಕಿನ ಅಳತೆ), ಬಿಸಿಲಿಲ್ಲದ ದೇಶಕ್ಕೆ ಬಿಸಿಲಿನ ಬದಲು. ಮಂಜನಿಗೂ ಒಂದು ತಂದುಕೊಡು ಅಂತ ಕೇಳಬೇಡ. ಅವನ ಕಾಯಿಲೆಯಲ್ಲಿ ಅದು ಉಬ್ಬಿಸಿಬಿಡಬಹುದು. ಅವನಿಗೆ ಬೇಕಾದದ್ದು ಹೊತ್ತಿಗೆ ಸರಿಯಾದ ನಿದ್ದೆ. ಹತ್ತಕ್ಕೆ ಮಲಗಿ ಆರಕ್ಕೆ ಏಳುವುದು, ದಿನಾ ಒಂದೇ ಹೊತ್ತು. ಜಾತ್ರೆ, ಜಾಗರಣೆ, ಚಪ್ಪರದ ಕೆಲಸ ಅಂತ ರಾತ್ರಿಯೆಲ್ಲ ಎಬ್ಬಿಸಬೇಡ.

ಈಗ ಮಾಡಬೇಕಾದದ್ದು ಕೇಳು. ಮನೋಚೈತನ್ಯ ಅಂತ ಸರ್ಕಾರದ್ದೇ ಒಂದು ಕಾರ್ಯಕ್ರಮ ಇದೆ. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ. ಲತಕ್ಕನ ಕೈಲಿ ಆಸ್ಪತ್ರೆಗೆ ಫೋನ್ ಮಾಡಿಸಿ ಈ ವಾರ ಬರುತ್ತಾರಾ ಅಂತ ಕೇಳಿಸು. ಬರುತ್ತಾರೆ ಅಂದರೆ ತಿಪಟೂರಿಗೇ ಹೋಗಿ. ಇಲ್ಲ ಅಂದರೆ ಕಾಯಬೇಡಿ, ಬೆಳಗಿನ ರೈಲಿಗೆ ಬೆಂಗಳೂರಿಗೆ ಹೊರಡಿ. ಹಳೇ ಫೈಲ್ ಬೀರುವಿನಲ್ಲಿ ಸೀರೆ ಕೆಳಗಿದೆ. ಅಷ್ಟರೊಳಗೆ ಅವನು ಕೂಗಾಡಿದರೆ, ಎರಡು ರಾತ್ರಿ ಕಣ್ಣೇ ಮುಚ್ಚದಿದ್ದರೆ, ಸಾಯುವ ಮಾತು ಆಡಿದರೆ ಮಂಗಳವಾರ ಅಂತ ನೋಡಬೇಡ, ಹತ್ತಿರದ ಆಸ್ಪತ್ರೆಗೆ ಆಗಲೇ ಹೋಗಿ. 14416 ಬರೆದಿಟ್ಟುಕೋ. ಟೆಲಿ ಮಾನಸ್ ಅಂತ, ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ. 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಡಬ್ಬಿಯಲ್ಲಿ ಉಳಿದಿರುವ ಮಾತ್ರೆಯನ್ನು ನೀನೇ ಮತ್ತೆ ಶುರು ಮಾಡಿಸಬೇಡ. ಎಷ್ಟು, ಹೇಗೆ ಅಂತ ಡಾಕ್ಟರೇ ಹೇಳಲಿ. ಬೆಳಿಗ್ಗೆ ಮಂಪರು ಇರುತ್ತೆ, ಹತ್ತಕ್ಕೆ ಏಳುತ್ತಾನೆ ಅನ್ನುವುದನ್ನೂ ಅವರಿಗೇ ಹೇಳು. ಅದಕ್ಕೂ ದಾರಿ ಇರುತ್ತೆ. ಮೈಕೈ ನೋವು ಅಂತ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ಯಾವುದೋ ನೋವಿನ ಮಾತ್ರೆ ಕೊಡಬೇಡ, ಕೆಲವು ಲಿಥಿಯಂ ಜೊತೆ ಆಗಿಬರುವುದಿಲ್ಲ. ನೀರು ಚೆನ್ನಾಗಿ ಕುಡಿಯಲಿ. ನಿರಾಹಾರ ಉಪವಾಸ ಬೇಡ. ಅಪ್ಪನಿಗೆ ಹೇಳು, ಗೋಡೌನ್ ಅಡ್ವಾನ್ಸ್ ಅಂತ ಈಗ ಒಂದು ರೂಪಾಯಿಯೂ ಅವನ ಕೈಗೆ ಕೊಡಬಾರದು. ಜಗಳ ಆಡಬೇಡಿ, ಮುಂದಿನ ತಿಂಗಳು ನೋಡೋಣ ಅನ್ನಿ.

ಮದುವೆ ವಿಷಯ. ಆ ಹುಡುಗಿಗೆ ಹೇಳಬೇಕು ಅಮ್ಮ. ಅವಳ ಜಾಗದಲ್ಲಿ ನನ್ನನ್ನು ಇಟ್ಟು ನೋಡು. ನನ್ನನ್ನು ಯಾರಾದರೂ ಹೀಗೆ ಮುಚ್ಚಿಟ್ಟು ತಂದುಕೊಂಡಿದ್ದರೆ ನೀನು ಸುಮ್ಮನಿರುತ್ತಿದ್ದೆಯಾ? ಮುಖ್ಯವಾದ ವಿಷಯ ಮುಚ್ಚಿಟ್ಟು ಒಪ್ಪಿಗೆ ತೆಗೆದುಕೊಂಡರೆ ಮದುವೆ ರದ್ದು ಮಾಡಿ ಅಂತ ಕೋರ್ಟಿಗೆ ಹೋಗಲು 1955ರ ಹಿಂದೂ ವಿವಾಹ ಕಾಯ್ದೆಯಲ್ಲೇ ಅವಕಾಶ ಇದೆ. ಕೋರ್ಟು ಬಿಡು, ಮದುವೆ ಆದ ಮೇಲೆ ಅವನು ಬಚ್ಚಲಲ್ಲಿ ಕದ್ದು ಮಾತ್ರೆ ನುಂಗಬೇಕಾ? ಮಾತ್ರೆ ತೆಗೆದುಕೊಂಡು ಮೂರು ವರ್ಷ ಅವನು ತೋಟ ನೋಡಿಕೊಂಡಿದ್ದಾನೆ, ಹಸು ನೋಡಿಕೊಂಡಿದ್ದಾನೆ, ನಿನ್ನ ಕಣ್ಣಿನ ಆಪರೇಷನ್ನಿಗೆ ರಾತ್ರಿ ಹಗಲು ಜೊತೆಗಿದ್ದ. ಅಂಥ ಹುಡುಗ ಅಂತಲೇ ಹೇಳಿ. ಬೇಡ ಅಂದರೆ ಅನ್ನಲಿ. ಮಾತ್ರೆ ನಿಲ್ಲಿಸಿ, ಚುರುಕಾಗಿದ್ದಾನೆ ಅಂತ ತೋರಿಸಿ ಆಗುವ ಮದುವೆ ನಮಗೆ ಬೇಡ. ದೊಡ್ಡಪ್ಪ ಕೋಪ ಮಾಡಿಕೊಂಡರೆ ನನ್ನ ಹೆಸರು ಹೇಳು. ನಾನೇ ಅವರ ಹತ್ತಿರ ಮಾತಾಡುತ್ತೇನೆ.

ನನ್ನ ಬಗ್ಗೆ ಏನೂ ಯೋಚನೆ ಮಾಡಬೇಡ. ನಿಜವಾಗಲೂ ಚೆನ್ನಾಗಿದ್ದೇನೆ. ಊಟ ಚೆನ್ನಾಗಿ ಮಾಡುತ್ತೇನೆ, ನಿದ್ದೆ ಚೆನ್ನಾಗಿ ಬರುತ್ತೆ, ತೂಕವೂ ಎರಡು ಕೆಜಿ ಜಾಸ್ತಿ ಆಗಿದೆ. ಹರಕೆ ಗಿರಕೆ ಹೊರಬೇಡ. ಅಪ್ಪನಿಗೆ ನನ್ನ ವಿಷಯ ಈಗಲೇ ಹೇಳಬೇಡ, ನಾನೇ ಹೇಳುತ್ತೇನೆ. ಮಂಜನಿಗೆ ಮಾತ್ರ ಹೇಳು. ಅಕ್ಕನೂ ದಿನಾ ಮಾತ್ರೆ ನುಂಗುತ್ತಾಳಂತೆ, ಅಕ್ಕನಿಗೂ ಕೆಲವು ದಿನ ಹಲ್ಲುಜ್ಜುವುದೇ ದೊಡ್ಡ ಕೆಲಸವಂತೆ ಅಂತ. ಸೋಮಾರಿ ಅಂದಿದ್ದಕ್ಕೆ ಅಕ್ಕ ಕ್ಷಮೆ ಕೇಳಿದಳು ಅಂತಲೂ ಹೇಳು.

ಗಂಟೆ ಹನ್ನೊಂದಾಯಿತು, ನಾನು ಇಷ್ಟು ಹೊತ್ತು ಎದ್ದಿರಬಾರದು. ನಿನ್ನ ಅಳಿಯ ಎರಡು ಸಲ ಬಂದು ನೋಡಿಹೋದರು. ಆಸ್ಪತ್ರೆಯಿಂದ ಬಂದ ತಕ್ಷಣ ಮಿಸ್ಡ್ ಕಾಲ್ ಕೊಡು. ಸ್ಪೀಕರ್ ಹಾಕಬೇಡ.

ನಿನ್ನ
ಪುಟ್ಟಿ

ಫೈಲಿನಲ್ಲಿ ರಕ್ತ ಪರೀಕ್ಷೆಯ ಹಳದಿ ಚೀಟಿ ಇದೆಯಾ ನೋಡು, ಇಲ್ಲದಿದ್ದರೆ ಮಂಜನ ಕಪ್ಪು ಬ್ಯಾಗಿನಲ್ಲಿರುತ್ತೆ.