ಮರುವಾಯಿಯನ್ನು ಪರೀಕ್ಷೆ ಮಾಡಿಸಿ: ಮೀನುಗಾರಿಕಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಮೀನುಗಾರಿಕಾ ಸಚಿವರಿಗೆ,

ನಮಸ್ಕಾರ. ನಾನು ದಕ್ಷಿಣ ಕನ್ನಡದಲ್ಲಿ ಅಳಿವೆ ಬದಿಯ ಒಂದು ಊರಿನವಳು. ಒಂದೂವರೆ ವರ್ಷ ಕಚೇರಿಗಳಿಗೆ ಅಲೆದು ಸಾಕಾಗಿ, ಎಲ್ಲರೂ ಓದುವ ಹಾಗೆ ನಿಮಗೇ ಬರೆಯುತ್ತಿದ್ದೇನೆ. ಕೇಳುವುದು ಒಂದೇ. ನಮ್ಮ ಅಳಿವೆಗಳಲ್ಲಿ ಸಿಗುವ ಮರುವಾಯಿಯನ್ನು, ಅಂದರೆ ನಾವು ತಿನ್ನುವ ಚಿಪ್ಪುಜೀವಿಯನ್ನು, ಹದಿನೈದು ದಿನಕ್ಕೊಮ್ಮೆ ಪಾಚಿ ವಿಷಕ್ಕಾಗಿ (ನೀರಿನ ಪಾಚಿಯಿಂದ ಅದರ ಮೈ ಸೇರುವ ವಿಷಕ್ಕಾಗಿ) ಪರೀಕ್ಷೆ ಮಾಡಿಸಿ. ವಿಷ ಕಂಡರೆ ಅದೇ ದಿನ ಹೊಳೆ ಬದಿಯಲ್ಲಿ ಬೋರ್ಡ್ ಹಾಕಿಸಿ.

ಅವತ್ತು ಭಾನುವಾರ. ಮನೆ ಬಾಗಿಲಿಗೆ ಬರುವ ಹೆಂಗಸಿನಿಂದ ಇನ್ನೂರು ಮರುವಾಯಿ ತೆಗೆದುಕೊಂಡಿದ್ದೆ. ಬೆಳಗ್ಗೆ ಹೊಳೆಯಲ್ಲಿ ನೀರು ಇಳಿದಾಗ ಹೆಕ್ಕಿದ್ದು. ಒಂದೂ ಬಾಯಿ ಬಿಟ್ಟಿರಲಿಲ್ಲ, ವಾಸನೆ ಇರಲಿಲ್ಲ. ತೊಳೆದು, ಬೇಯಿಸಿ, ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದೆ. ಅಮ್ಮನಿಗೆ ಅದೆಂದರೆ ಪ್ರಾಣ. ಎರಡು ಸಲ ಬಡಿಸಿಕೊಂಡರು.

ಊಟ ಮುಗಿದು ಮುಕ್ಕಾಲು ಗಂಟೆ ಆಗಿರಬಹುದು. "ತುಟಿ ಜುಮ್ ಅಂತಿದೆ" ಅಂದರು. ಖಾರ ಜಾಸ್ತಿ ಆಯಿತೇನೋ ಅಂದುಕೊಂಡೆ. ಆಮೇಲೆ ನಾಲಿಗೆ, ಆಮೇಲೆ ಬೆರಳು. ಕೈಯಲ್ಲಿದ್ದ ಲೋಟ ಜಾರಿ ಬಿತ್ತು. ಹತ್ತಿರದ ಕ್ಲಿನಿಕ್‌ನಲ್ಲಿ ಗ್ಯಾಸ್ಟ್ರಿಕ್ ಎಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ರಿಕ್ಷಾದಲ್ಲಿ ವಾಪಸ್ ಬರುವಾಗ ಅಮ್ಮನ ಮಾತು ತೊದಲತೊಡಗಿತು. ಅಲ್ಲಿಂದಲೇ ದೊಡ್ಡ ಆಸ್ಪತ್ರೆಗೆ ಓಡಿದೆವು. ಪಾರ್ಶ್ವವಾಯು ಇರಬಹುದೆಂದು ಸ್ಕ್ಯಾನ್ ಮಾಡಿದರು. ಏನೂ ಸಿಗಲಿಲ್ಲ. ಅಷ್ಟರಲ್ಲಿ ಉಸಿರು ಸಣ್ಣದಾಗುತ್ತಾ ಬಂತು, ವೆಂಟಿಲೇಟರ್ ಹಾಕಿದರು. ಕೊನೆಗೆ ವಯಸ್ಸಾದ ಒಬ್ಬ ಡಾಕ್ಟರು ಬಂದು, "ಮಧ್ಯಾಹ್ನ ಏನು ತಿಂದರು?" ಎಂದು ಕೇಳಿದರು. ಆ ಪ್ರಶ್ನೆ ಕೇಳಿದ ಮೊದಲನೆಯವರು ಅವರೇ.

ಮರುವಾಯಿ ಎಂದೆ. ಹಾಗಾದರೆ ಪಾಚಿ ವಿಷ ಇರಬಹುದು, ಈ ವಿಷಕ್ಕೆ ಮದ್ದಿಲ್ಲ, ಮೈಯಿಂದ ಇಳಿಯುವ ತನಕ ಉಸಿರಾಟ ನಿಲ್ಲದಂತೆ ನೋಡಿಕೊಳ್ಳಬೇಕು ಅಷ್ಟೆ ಎಂದರು. ಎರಡು ದಿನ ಹಾಗೆ ಕಳೆದೆವು. ಅಮ್ಮ ಉಳಿದುಕೊಂಡರು. ಆಮೇಲೆ ಅವರು ಹೇಳಿದ ಮಾತು ನನಗೆ ಈಗಲೂ ನಿದ್ದೆ ಕೆಡಿಸುತ್ತದೆ. "ನೀವು ಅಳುವುದೆಲ್ಲ ಕೇಳಿಸುತ್ತಿತ್ತು. ಕಣ್ಣು ಬಿಡಲಿಕ್ಕೆ ಆಗಲಿಲ್ಲ ಮಗಾ."

ಇಷ್ಟು ಆದ ಮೇಲೂ ಅದು ಪಾಚಿ ವಿಷವೇ ಎಂದು ನಾನು ಖಚಿತವಾಗಿ ಹೇಳಲಾರೆ. ಯಾಕೆಂದರೆ ಯಾರೂ ಪರೀಕ್ಷೆ ಮಾಡಲಿಲ್ಲ. ಉಳಿದ ಸುಕ್ಕವನ್ನು ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟೆ. ಐಸ್ ತುಂಬಿದ ಚೀಲದಲ್ಲಿ ಅದನ್ನು ಹಿಡಿದುಕೊಂಡು ಮೂರು ಕಚೇರಿ ಸುತ್ತಿದೆ. ಒಬ್ಬರು ಇದು ಆಹಾರ ಇಲಾಖೆಯದ್ದು ಅಂದರು. ಅಲ್ಲಿ ಹೋದರೆ ಮೀನುಗಾರಿಕೆಯವರನ್ನು ಕೇಳಿ ಅಂದರು. ಮೂರನೆಯವರು ಬಿಲ್ ಕೇಳಿದರು. ಬುಟ್ಟಿ ಹೊತ್ತು ಬರುವ ಹೆಂಗಸು ಯಾವ ಬಿಲ್ ಕೊಡುತ್ತಾಳೆ ಸ್ವಾಮಿ? ಅಮ್ಮ ಐಸಿಯುನಲ್ಲಿ, ನಾನು ಕೌಂಟರ್ ಮುಂದೆ ಡಬ್ಬಿ ಹಿಡಿದುಕೊಂಡು. ಆ ದಿನದ ಅವಮಾನ ಮರೆಯಲಿಕ್ಕೆ ಆಗುತ್ತಿಲ್ಲ.

ನಿಯಮ ನಿಮಗೆ ಗೊತ್ತೇ ಇದೆ. 100 ಗ್ರಾಂ ಚಿಪ್ಪುಮಾಂಸದಲ್ಲಿ ಈ ವಿಷ 80 ಮೈಕ್ರೋಗ್ರಾಂ ಮೀರಬಾರದು. ಅಳೆಯುವವರೇ ಇಲ್ಲದಿದ್ದರೆ ಮೀರಿದ್ದು ಯಾರಿಗೆ ಗೊತ್ತಾಗಬೇಕು? ಮರುವಾಯಿ ನೀರು ಸೋಸಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ನೀರಿನಲ್ಲಿ ವಿಷದ ಪಾಚಿ ಹೆಚ್ಚಾದರೆ ಆ ವಿಷ ಅದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ನೀರು ಕೆಂಪಾಗಲೇಬೇಕೆಂದಿಲ್ಲ. ಬೇಯಿಸಿದರೂ ಹೋಗುವುದಿಲ್ಲ, ಹುಳಿ ಹಾಕಿದರೂ ಹೋಗುವುದಿಲ್ಲ, ರುಚಿಯಲ್ಲೂ ತಿಳಿಯುವುದಿಲ್ಲ. ಅಡುಗೆಮನೆಯಲ್ಲಿ ನಾನು ಎಷ್ಟು ಜಾಗ್ರತೆ ಮಾಡಿದರೂ ಪ್ರಯೋಜನವಿಲ್ಲ. ಪರೀಕ್ಷೆ ಮಾಡಲು ಆಗುವುದು ಸರ್ಕಾರಕ್ಕೆ ಮಾತ್ರ. ಅದನ್ನೇ ಮಾಡಿ ಎನ್ನುತ್ತಿದ್ದೇನೆ.

ಇದು ನಮ್ಮ ಕರಾವಳಿಗೆ ಹೊಸತೂ ಅಲ್ಲ. 1983ರಲ್ಲಿ ಕುಂಬಳೆ ಅಳಿವೆಯ ಮರುವಾಯಿ ತಿಂದು ಒಬ್ಬ ಹುಡುಗ ತೀರಿಕೊಂಡ. ಮಂಗಳೂರಿನ ಮೀನುಗಾರಿಕಾ ಕಾಲೇಜಿನವರೇ ಅದನ್ನು ಅಧ್ಯಯನ ಮಾಡಿ ಬರೆದಿಟ್ಟಿದ್ದಾರೆ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ (ಬಂಡೆಗೆ ಅಂಟಿ ಬೆಳೆಯುವ ಇನ್ನೊಂದು ಚಿಪ್ಪುಜೀವಿ) ತಿಂದು ಏಳು ಜನ ಸತ್ತರು, ನೂರಾರು ಜನ ಆಸ್ಪತ್ರೆ ಸೇರಿದರು. ಇನ್ನೆಷ್ಟು ಜನ ಸಾಯಬೇಕು? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ರತಿ ವರ್ಷ ಮೇ 1ರಿಂದ ಅಕ್ಟೋಬರ್ 31ರವರೆಗೆ, ಜನರು ಕಡಲಿನಿಂದ ತಾವೇ ಕಿತ್ತು ತರುವ ಪಚ್ಚಿಲೆಯನ್ನು ತಿನ್ನುವಂತಿಲ್ಲ. ನಮ್ಮಲ್ಲಿ ಒಂದು ಬೋರ್ಡೂ ಇಲ್ಲ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ ಉಪಗ್ರಹದಿಂದ ಕಡಲಿನ ಪಾಚಿಯನ್ನು ಗಮನಿಸುತ್ತಲೇ ಇದೆ. ಓದಿದವರಿದ್ದಾರೆ, ಯಂತ್ರಗಳಿವೆ. ಹೊಳೆಗೆ ಬಂದು ಒಂದು ಬೊಗಸೆ ಮರುವಾಯಿ ತೆಗೆದುಕೊಂಡು ಹೋಗುವವರು ಮಾತ್ರ ಇಲ್ಲ.

ಮರುವಾಯಿ ಹೆಕ್ಕುವುದನ್ನೇ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಮಾಡಬೇಡಿ. ನಮಗೆ ಮಾರಿದ ಹೆಂಗಸು ವಿಷಯ ಗೊತ್ತಾದ ದಿನ ಆಸ್ಪತ್ರೆ ಮೆಟ್ಟಿಲ ಮೇಲೆ ಕೂತು ಅತ್ತಳು. ಅವಳ ತಪ್ಪು ಏನಿದೆ? ಸೊಂಟದವರೆಗೆ ನೀರಿನಲ್ಲಿ ನಿಂತು ಕಾಲಿನಲ್ಲಿ ತಡವಿ ಹೆಕ್ಕುವವಳು. ಆ ಸುದ್ದಿ ಹಬ್ಬಿ ಎರಡು ತಿಂಗಳು ಊರಿನಲ್ಲಿ ಯಾರೂ ಅವಳಿಂದ ಕೊಳ್ಳಲಿಲ್ಲ. "ಅಕ್ಕ, ಈಗ ಮಾರಬಹುದಾ, ಬೇಡವಾ?" ಎಂದು ಈಗಲೂ ನನ್ನನ್ನೇ ಕೇಳುತ್ತಾಳೆ. ನಾನು ಏನು ಹೇಳಲಿ? ಅವಳಿಗೆ ಉತ್ತರ ಕೊಡಬೇಕಾದವರು ನೀವು. ಪರೀಕ್ಷೆ ಮಾಡಿಸಿ. ಸರಿ ಇದ್ದರೆ ಸರಿ ಇದೆ ಎಂದು ಬರೆಸಿ. ಇಲ್ಲದಿದ್ದರೆ ಇಷ್ಟು ದಿನ ಬೇಡ ಎಂದು ಬರೆಸಿ, ಆ ದಿನಗಳ ಕೂಲಿ ಅವಳಿಗೆ ಕೊಡಿಸಿ.

ನಾನು ಕೊಟ್ಟ ನಾಲ್ಕು ಅರ್ಜಿಗಳಿಗೆ ಬಂದದ್ದು ಒಂದೇ ಉತ್ತರ: "ಸಂಬಂಧಪಟ್ಟವರಿಗೆ ಕಳುಹಿಸಲಾಗಿದೆ." ಆ ಸಂಬಂಧಪಟ್ಟವರು ಯಾರು ಸ್ವಾಮಿ? ಹೆಸರು ಬೇಡ, ಯಾವ ಕಚೇರಿ ಎಂದಾದರೂ ಹೇಳಿ. ನಾನೇ ಹೋಗುತ್ತೇನೆ.

ಆ ಡಬ್ಬಿ ಇನ್ನೂ ನಮ್ಮ ಫ್ರೀಜರಿನಲ್ಲಿದೆ. ಅಮ್ಮ ಅದನ್ನು ಎಸೆಯಲು ಬಿಡುತ್ತಿಲ್ಲ. ತೆಗೆದುಕೊಂಡು ಹೋಗಲು ಯಾರನ್ನು, ಯಾವ ದಿನ ಕಳಿಸುತ್ತೀರಿ ತಿಳಿಸಿ. ನಾನು ಮನೆಯಲ್ಲೇ ಇರುತ್ತೇನೆ.

ಇತಿ,
ಅಳಿವೆ ಬದಿಯ ಊರಿನ ಒಬ್ಬ ಗೃಹಿಣಿ