ಬೀರುವಿನಲ್ಲಿರುವ ಮೇಣದ ತುಂಡು: ಆರೋಗ್ಯ ಸಚಿವರಿಗೆ ದಾವಣಗೆರೆಯಿಂದ ಒಂದು ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ನಮ್ಮಪ್ಪ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ 30 ವರ್ಷ ದುಡಿದವರು. ಎಡಗಣ್ಣಿನ ಅಂಚಿಗೆ ಪರದೆ ಇಳಿದ ಹಾಗಾಗ್ತಿದೆ ಎಂದಾಗ ಭಟ್ಟಿ ಹೊಗೆ ಇರಬೇಕು ಅಂದುಕೊಂಡೆವು. ಒಂದು ಕಡೆ ಡ್ರಾಪ್ಸ್ ಕೊಟ್ಟರು. ಇನ್ನೊಂದು ಕಡೆ ಪೊರೆ, ಬಲಿಯಲಿ ಬನ್ನಿ ಎಂದರು. ಪಾಪೆ ಹಿಗ್ಗುವ ಹನಿ ಹಾಕಿ ಕಣ್ಣಿನ ಹಿಂಭಾಗ ನೋಡಿದ್ದು 7 ತಿಂಗಳಾದ ಮೇಲೆ, ಬೆಂಗಳೂರಿನಲ್ಲಿ. ಅಷ್ಟರಲ್ಲಿ ಗಡ್ಡೆ ಬೆಳೆದಿತ್ತು. ಕಣ್ಣನ್ನೇ ತೆಗೆಯಬೇಕಾಯಿತು.

ಯೂವಿಯಲ್ ಮೆಲನೋಮಾ ಅಂತ ಹೆಸರು. ಕಣ್ಣೊಳಗಿನ ಬಣ್ಣದ ಕೋಶಗಳಲ್ಲಿ ಹುಟ್ಟುವ ಕ್ಯಾನ್ಸರ್. ಬಿಳಿಯರಲ್ಲಿ ಜಾಸ್ತಿ, ನಮ್ಮಲ್ಲಿ ಅಪರೂಪ. ಕಣ್ಣು ತೆಗೆದರೂ ಸುಮಾರು ಅರ್ಧದಷ್ಟು ಜನರಿಗೆ ಮುಂದೆ ಎಂದೋ ಒಂದು ದಿನ ಬೇರೆ ಕಡೆ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ಲಿವರ್‌ನಲ್ಲಿ. ನಮ್ಮಪ್ಪ ಯಾವ ಅರ್ಧದಲ್ಲಿದ್ದಾರೆ? ಅದನ್ನು ಗಡ್ಡೆಯೇ ಹೇಳುತ್ತದೆ. ಕೇಳುವವರು ಬೇಕು.

ಗಡ್ಡೆಯ ಕೋಶಗಳಲ್ಲಿ 3ನೇ ಕ್ರೋಮೋಸೋಮ್‌ನ ಒಂದು ಪ್ರತಿ ಕಳೆದುಹೋಗಿ, ಉಳಿದದ್ದರಲ್ಲಿ ಬಿಎಪಿ1 ಜೀನ್ ಕೆಟ್ಟಿದ್ದರೆ ಹರಡುವ ಅಪಾಯ ಜಾಸ್ತಿ. ಇಐಎಫ್1ಎಎಕ್ಸ್ ಎಂಬ ಇನ್ನೊಂದು ಜೀನ್ ಬದಲಾಗಿದ್ದರೆ ಕಡಿಮೆ. ಎಸ್ಎಫ್3ಬಿ1 ಆದರೆ ನಡುವೆ, ಹರಡಿದರೂ ತಡವಾಗಿ. ಜಿಎನ್ಎಕ್ಯೂ ಇಲ್ಲವೇ ಜಿಎನ್ಎ11 ಬಹುತೇಕ ಎಲ್ಲ ಗಡ್ಡೆಗಳಲ್ಲೂ ಕೆಟ್ಟಿರುತ್ತದೆ, ಹಾಗಾಗಿ ಮುಂದಿನದು ಹೇಳೋಕೆ ಅದು ಪ್ರಯೋಜನವಿಲ್ಲ. ಚರ್ಮದ ಮೆಲನೋಮಾಕ್ಕೆ ನೋಡುವ ಬಿಆರ್‌ಎಎಫ್ ಇಲ್ಲಿ ಸಿಗುವುದೇ ಅಪರೂಪ. ವಿಜ್ಞಾನದಲ್ಲಿ ಜಸ್ಟ್ ಪಾಸಾದವಳು ನಾನು. ಇದೆಲ್ಲ ಈಗ ಬಾಯಿಪಾಠ.

ಎಲ್ಲ ಜೀನ್ ನೋಡುವ ಪರೀಕ್ಷೆ ದುಬಾರಿ, ಒಪ್ಪುತ್ತೇನೆ. ಆದರೆ ಬಿಎಪಿ1 ಒಂದನ್ನು ನೋಡಲು ಬಣ್ಣ ಹಾಕುವ ಪರೀಕ್ಷೆ ಇದೆ, ಐಎಚ್‌ಸಿ ಅಂತಾರೆ. ಸ್ತನದ ಗಡ್ಡೆಗೆ ಕ್ಯಾನ್ಸರ್ ಲ್ಯಾಬ್‌ಗಳು ದಿನಾ ಮಾಡುವಂಥದ್ದೇ. ಬಿಎಪಿ1ಗೆ ಹೋಗಿ ಅಂಟುವ ಬೇರೆ ಆ್ಯಂಟಿಬಾಡಿ ಬೇಕು, ಅಷ್ಟೆ. ಗಡ್ಡೆ ಕೋಶದ ನ್ಯೂಕ್ಲಿಯಸ್‌ಗೆ ಬಣ್ಣ ಹತ್ತಿದರೆ ಬಿಎಪಿ1 ಇದೆ, ಹತ್ತದಿದ್ದರೆ ಹೋಗಿದೆ, ಅಂದರೆ ಅಪಾಯ ಜಾಸ್ತಿ.

ಕಣ್ಣು ತೆಗೆಯೋಕೆ ನಮ್ಮ ಬಿಪಿಎಲ್ ಕಾರ್ಡ್ ನಡೆಯಿತು. ಈ ಪರೀಕ್ಷೆ ಕಾರ್ಡಿಗೆ ಬರಲ್ಲ ಎಂದರು ಕೌಂಟರಿನಲ್ಲಿ. "ಗೊತ್ತಾಗಿ ಏನ್ ಮಾಡ್ತೀರಮ್ಮ, ಸುಮ್ನೆ ಖರ್ಚು" ಎಂದರು ಅಲ್ಲೇ ಇದ್ದ ಇನ್ನೊಬ್ಬರು. ಏನು ಮಾಡ್ತೀವಾ? ಅಪಾಯ ಜಾಸ್ತಿ ಇದ್ದರೆ ಆರಾರು ತಿಂಗಳಿಗೆ ಲಿವರ್ ಸ್ಕ್ಯಾನ್ ಮಾಡಿಸುತ್ತೇವೆ. ಒಂದೆರಡು ಚಿಕ್ಕ ಗಂಟು ಇರುವಾಗಲೇ ಸಿಕ್ಕರೆ ಕೆಲವರಿಗೆ ಆಪರೇಷನ್ ಆಗುತ್ತದೆ. ಹರಡಿದವರಿಗೆ ಟೆಬೆಂಟಾಫಸ್ಪ್ ಎಂಬ ಔಷಧಿಗೆ 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಕೋಶಗಳ ಮೇಲಿನ ಎಚ್‌ಎಲ್‌ಎ ಎಂಬ ಗುರುತು ಒಂದು ಬಗೆಯದ್ದಾಗಿರುವವರಿಗೆ ಮಾತ್ರ, ಆ ಮಾತು ಬಿಡಿ. ಅಪಾಯ ಕಡಿಮೆ ಎಂದು ಗೊತ್ತಾದರೆ ಅಪ್ಪ ರಾತ್ರಿ ನಿದ್ದೆ ಮಾಡುತ್ತಾರೆ. ಈಗ ಹೊಟ್ಟೆಯ ಬಲಗಡೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಾ ಕೂತಿರುತ್ತಾರೆ.

ಕೇಳುವುದು ಎರಡೇ, ಸರ್. ಈ ಬಣ್ಣದ ಪರೀಕ್ಷೆಯನ್ನು ಕಾರ್ಡಿಗೆ ಸೇರಿಸಿ. ವರ್ಷಕ್ಕೆ ಎಷ್ಟು ಜನ ಬಂದಾರು, ಖಜಾನೆಗೆ ಭಾರವಾಗಲ್ಲ. ಇನ್ನೊಂದು, ಒಂದೇ ಕಣ್ಣು ಮಂಜಾಯಿತು, ಮಿಂಚು ಕಾಣುತ್ತದೆ ಎಂದು ಬಂದವರಿಗೆ ಹರಿಹರ, ಜಗಳೂರು, ಚನ್ನಗಿರಿಯ ತಾಲ್ಲೂಕು ಆಸ್ಪತ್ರೆಗಳಲ್ಲೂ ಪಾಪೆ ಹಿಗ್ಗಿಸಿ ನೋಡುವ ಹಾಗಾಗಲಿ. ಒಂದು ಹನಿ, ಅರ್ಧ ಗಂಟೆ ಕಾಯುವ ಕೆಲಸ.

ಅಪ್ಪನ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ ವಾಪಸ್ ಕೊಟ್ಟಿದ್ದಾರೆ. ಬ್ಲಾಕ್ ಅಂತಾರೆ. ಬೆರಳ ಅಗಲದ ಪ್ಲಾಸ್ಟಿಕ್ ಚೌಕ, ಮೇಲೆ ಪೆನ್ಸಿಲ್‌ನಲ್ಲಿ ಬರೆದ ನಂಬರ್. ಬೀರುವಿನಲ್ಲಿ ರೇಷನ್ ಕಾರ್ಡ್ ಜೊತೆ ಇಟ್ಟಿದ್ದೇವೆ. ವರ್ಷಗಟ್ಟಲೆ ಕೆಡಲ್ಲವಂತೆ. ಎಲ್ಲಿಗೆ ತರಬೇಕು, ಹೇಳಿ.

ಇಂತಿ,
ಭಟ್ಟಿ ಕೆಲಸಗಾರರೊಬ್ಬರ ಮಗಳು
ದಾವಣಗೆರೆ