ಮೃಗಾಲಯ ಒಂದು ದಿನದ ಪ್ರವಾಸವಷ್ಟೇ ಆಗದಿರಲಿ

ಮಾನ್ಯ ಸಂಪಾದಕರೇ,

ಮೈಸೂರಿನವನಾದ ನಾನು ಸದ್ಯ ಮೆಲ್ಬರ್ನ್‌ನಲ್ಲಿ ನೆಲೆಸಿದ್ದು, 1862ರಲ್ಲಿ ಆರಂಭವಾದ ಅಲ್ಲಿನ ಮೃಗಾಲಯಕ್ಕೆ ವಾರ್ಷಿಕ ಸದಸ್ಯತ್ವ ಪಡೆದು ಪುಟ್ಟ ಮಗಳೊಂದಿಗೆ ಆಗಾಗ ಹೋಗುತ್ತಿರುತ್ತೇನೆ. ಪ್ರತಿ ಸಲ ಟಿಕೆಟ್ ಕೊಳ್ಳಬೇಕಿಲ್ಲವಾದ್ದರಿಂದ ಎಲ್ಲವನ್ನೂ ನೋಡಿ ಮುಗಿಸುವ ಧಾವಂತವಿಲ್ಲ. ಜಿರಾಫೆ ತನ್ನ ಕಪ್ಪನೆಯ ನೀಳ ನಾಲಿಗೆಯನ್ನು ಕೊಂಬೆಗೆ ಸುತ್ತಿ ಎಲೆ ಸವರಿಕೊಳ್ಳುವುದನ್ನೇ ಬಹಳ ಹೊತ್ತು ನೋಡಿ, ಮಗಳು ಸಾಕೆಂದಾಗ ಮನೆಗೆ ಮರಳುತ್ತೇವೆ.

ಊರಿಗೆ ಬಂದಾಗ, 1892ರಲ್ಲಿ ಸ್ಥಾಪನೆಯಾದ ನಮ್ಮ ಶ್ರೀ ಚಾಮರಾಜೇಂದ್ರ ಮೃಗಾಲಯಕ್ಕೂ ಅವಳನ್ನು ಕರೆದೊಯ್ದೆ. ಮರಗಳ ನೆರಳಿನ ವಿಷಯದಲ್ಲಿ ಅದು ಯಾವ ವಿದೇಶಿ ಮೃಗಾಲಯಕ್ಕೂ ಕಡಿಮೆಯಿಲ್ಲ (ಊರಿನ ಅಭಿಮಾನವೂ ಇದರಲ್ಲಿ ತುಸು ಸೇರಿರಬಹುದು). ಆದರೆ ರಜೆಯ ನೂಕುನುಗ್ಗಲಿನಲ್ಲಿ, ಕೊಟ್ಟ ದುಡ್ಡಿಗೆ ಒಂದೇ ಸುತ್ತಿನಲ್ಲಿ ಎಲ್ಲವನ್ನೂ ತೋರಿಸಿಬಿಡಬೇಕೆಂಬ ಹಟದಿಂದ ಹಿರಿಯರು ಮಕ್ಕಳನ್ನು ಎಳೆದುಕೊಂಡು ಹೋಗುತ್ತಿರುತ್ತಾರೆ. ಆನೆಯ ಬಳಿ ತಲುಪುವಷ್ಟರಲ್ಲಿ ಎಷ್ಟೋ ಕೂಸುಗಳು ಅಪ್ಪಂದಿರ ಹೆಗಲ ಮೇಲೆ ನಿದ್ದೆ ಹೋಗಿರುತ್ತವೆ.

ಪ್ರಾಣಿಗಳ ದತ್ತು ಯೋಜನೆಯನ್ನು ಜನರ ಬಳಿಗೆ ಒಯ್ದಿರುವ ಆಡಳಿತವು, ಪುಟ್ಟ ಮಕ್ಕಳಿರುವ ಸ್ಥಳೀಯ ಕುಟುಂಬಗಳು ಮಂಗಳವಾರದ ರಜೆ ಬಿಟ್ಟು ಉಳಿದ ದಿನಗಳಲ್ಲಿ, ಜನಸಂದಣಿಯಿಲ್ಲದ ಬೆಳಗಿನ ಹೊತ್ತು ಮತ್ತೆ ಮತ್ತೆ ಬಂದುಹೋಗಲು ಅನುಕೂಲವಾಗುವಂತೆ ಕೈಗೆಟುಕುವ ದರದ ವಾರ್ಷಿಕ ಪಾಸಿನತ್ತ ಗಮನ ಹರಿಸಬೇಕೆಂದು ಕೋರುತ್ತೇನೆ.

— ಓದುಗ, ಮೆಲ್ಬರ್ನ್ (ಮೂಲತಃ ಮೈಸೂರು)